ಅತ್ತೆ ನೋಡಿದ ಜಪಾನಿನ ಗಂಡು

ನನ್ನ ಸೋದರತ್ತೆಗೆ ಜಪಾನಿನಲ್ಲಿ ಒಬ್ಬ ಗಂಡು ಗೊತ್ತು. ಹುಡುಗ ಪರವಾಗಿಲ್ಲ, ಆಫೀಸಿನಲ್ಲಿ ಕೆಲಸ, ಚಪ್ಪಲಿಯನ್ನು ನೆಟ್ಟಗೆ ಬಿಡುತ್ತಾನೆ. ಆದರೆ ನಾಚಿಕೆಯಾದರೆ ಮೂಗಿನಿಂದ ರಕ್ತ ಸುರಿಯುತ್ತದೆ, ಹಾಗಾಗಿ ಅತ್ತೆ ಇನ್ನೂ ಪೂರ್ತಿ ಒಪ್ಪಿಗೆ ಕೊಟ್ಟಿಲ್ಲ! ಚನ್ನಗಿರಿ ಬಸ್ ಸ್ಟ್ಯಾಂಡಿನಲ್ಲಿ ನಿಂತು ಅವಳು ಯಾರಿಗಾದರೂ ಇದನ್ನು ಹೇಳಿದರೆ ಕೇಳಿದವರು ನಂಬಿಬಿಡುತ್ತಾರೆ. ಯಾಕೆ ನಂಬಬಾರದು? ಹೊನ್ನಾಳಿಯ ಗಂಡಿಗೆ ಜಗಳೂರಿನ ಹೆಣ್ಣು, ನ್ಯಾಮತಿಯ ಹೆಣ್ಣಿಗೆ ಉಬ್ರಾಣಿಯ ಗಂಡು ಎಂದು ನಾಲ್ಕು ತಾಲೂಕನ್ನು ಬೀಗತನದ ದಾರದಲ್ಲಿ ಹೊಲಿದು ಹಾಕಿದವಳಿಗೆ ಜಪಾನು ಯಾವ ದೂರ? ದಾವಣಗೆರೆಯಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿದರಾಯಿತು!

ಆ ಗಂಡು ಒಂದು ಪುಸ್ತಕದೊಳಗಿನ ಚಿತ್ರ ಎಂಬುದನ್ನು ಮಾತ್ರ ಅವಳು ಹೇಳುವುದಿಲ್ಲ. ಯಾರಾದರೂ ಕೆದಕಿದರೆ, "ಚಿತ್ರ ಆದ್ರೇನು? ನಿನ್ನ ಗಂಡನ ಕಡೆಯೋರೂ ಮೊದ್ಲು ಕಳ್ಸಿದ್ದು ಫೋಟೊನೇ ತಾನೆ? ಅದನ್ನ ನೋಡಿ ಒಪ್ಕೊಳ್ಲಿಲ್ವಾ ನೀನು?" ಎಂದು ಕೇಳಿದವರ ಬಾಯಿಗೇ ಬೀಗ ಹಾಕುತ್ತಾಳೆ.

ಇವಳ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಬರೆದರೆ ನಾಳೆಯೇ ನಾಲ್ಕು ಜನ ಮಗಳ ಜಾತಕ ಹಿಡಿದುಕೊಂಡು ನಮ್ಮ ಮನೆ ಬಾಗಿಲಿಗೆ ಬರುತ್ತಾರೆ. ನಮ್ಮಪ್ಪನ ತಂಗಿ, ಚನ್ನಗಿರಿಯಲ್ಲೇ ನಮ್ಮ ಹಿಂದಿನ ಬೀದಿಯಲ್ಲಿ ಮನೆ ಎಂದಷ್ಟೇ ಇಟ್ಟುಕೊಳ್ಳಿ. ಸಂಬಂಧ ಕುದುರಿಸುವುದು ಇವಳಿಗೆ ಕಸುಬಲ್ಲ, ಚಟ. ಕೆಲವರಿಗೆ ನಶ್ಯ, ಕೆಲವರಿಗೆ ಎಲೆ ಅಡಿಕೆ, ಇವಳಿಗೆ ಬೇರೆಯವರ ಮದುವೆ. ಯಾರಿಂದಲೂ ಒಂದು ರವಿಕೆ ಬಟ್ಟೆಗಿಂತ ಹೆಚ್ಚು ತೆಗೆದುಕೊಂಡವಳಲ್ಲ. ಅದನ್ನೂ ಬಣ್ಣ ಸರಿಯಿಲ್ಲ ಎಂದು ಬೈದುಕೊಂಡೇ ಹೊಲಿಸುತ್ತಾಳೆ.

ಗಂಡು ನೋಡುವುದರಲ್ಲಿ ಇವಳದ್ದು ಬೇರೆಯೇ ಶಾಸ್ತ್ರ. ನಮ್ಮ ಯಜಮಾನರು ನನ್ನನ್ನು ನೋಡಲು ಬಂದ ದಿನ ಅತ್ತೆ ಅವರ ಮುಖದ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಪಡಸಾಲೆಯಲ್ಲಿ ಉಪ್ಪಿಟ್ಟು, ಕೇಸರಿಬಾತು ಎಂದು ಉಪಚಾರ ನಡೆಯುತ್ತಿದ್ದರೆ ಇವಳು ಹೊರಗೆ ಬಾಗಿಲ ಬಳಿ ಬಗ್ಗಿ ಅವರ ಚಪ್ಪಲಿಗಳನ್ನು ನೋಡುತ್ತಿದ್ದಳು. ಒಂದು ಚಪ್ಪಲಿ ಬೀದಿಯ ಕಡೆ ಮುಖ ಮಾಡಿತ್ತಂತೆ, ಇನ್ನೊಂದು ತುಳಸಿಕಟ್ಟೆಯ ಹತ್ತಿರ ಮಗುಚಿ ಬಿದ್ದಿತ್ತಂತೆ. ಒಳಗೆ ಬಂದವಳೇ ನನ್ನ ಕಿವಿಯಲ್ಲಿ, "ಹುಡ್ಗ ಒಳ್ಳೇನು. ಆದ್ರೆ ಮನೇಲಿ ಒಂದು ವಸ್ತೂ ಇಟ್ಟ ಕಡೆ ಸಿಗಾಕಿಲ್ಲ, ನೋಡ್ಕೋ" ಎಂದಳು. ನಮ್ಮ ಮದುವೆಯಾಗಿ ಈಗ ಮಗಳೇ ಕಾಲೇಜಿಗೆ ಹೋಗುವಂತಾಗಿದ್ದಾಳೆ, ನಾನು ಈಗಲೂ ಬೆಳಗೆದ್ದು ಅವರ ಕನ್ನಡಕ ಹುಡುಕುತ್ತಿದ್ದೇನೆ. ಮೊನ್ನೆ ಅಕ್ಕಿ ಡಬ್ಬಿಯಲ್ಲಿ ಸಿಕ್ಕಿತು!

ಇಷ್ಟು ದೊಡ್ಡ ವ್ಯವಹಾರವನ್ನು ಅತ್ತೆ ಮನೆಯಲ್ಲಿ ಕೂತೇ ನಡೆಸಿದ್ದು ಹೇಗೆ ಅಂತೀರಾ? ಅದಕ್ಕೆ ಅತ್ತೆಯ ಗಂಡ, ನಮ್ಮ ಮಾವ, ಕಾರಣ. ಮಾವ ಖಾಸಗಿ ಬಸ್ಸಿನ ಡ್ರೈವರ್ ಆಗಿದ್ದವರು. ಬೆಳಗ್ಗೆ ಹೊರಟು ಬಸವಾಪಟ್ಟಣ, ಹೊನ್ನಾಳಿ, ನ್ಯಾಮತಿ ಎಂದು ಸುತ್ತಿ ಸಂಜೆಗೆ ಬರುವರು. ಬಂದು ಕಾಲು ತೊಳೆದು ಕಟ್ಟೆಯ ಮೇಲೆ ಕೂತರೆ ಅತ್ತೆ ಚಹಾ, ಒಗ್ಗರಣೆ ಹಾಕಿದ ಮಂಡಕ್ಕಿ ತಂದಿಡುವಳು. ಆಗ ಶುರು.

"ಬಸವಾಪಟ್ಟಣದಾಗೆ ಒಬ್ಬ ಹುಡುಗ ಹತ್ತಿದ್ದ. ಮುದುಕಿಗೆ ಸೀಟು ಬಿಟ್ಟುಕೊಟ್ಟ."

"ಎದ್ದು ಬಿಟ್ಟನಾ, ಇಲ್ಲ ಯಾರೋ ಹೇಳಿದ ಮ್ಯಾಲೆ ಬಿಟ್ಟನಾ?"

"ತಾನೇ ಎದ್ದ."

"ಯಾರ ಮಗ?"

"ಕೇಳಿಲ್ಲ."

"ಸೀಟು ಬಿಟ್ಟವನ ಅಪ್ಪನ ಹೆಸ್ರು ಕೇಳಾಕೆ ಆಗ್ಲಿಲ್ವಾ? ಬರೀ ಸ್ಟೇರಿಂಗ್ ತಿರುಗ್ಸಿದ್ರೆ ಸಂಸಾರ ನಡೀತೈತೇನ್ರೀ?"

ಹೀಗೆ ಮಾವ ಸುದ್ದಿ ತರುವರು, ಅತ್ತೆ ತೀರ್ಪು ಕೊಡುವಳು. ನಾಲ್ಕು ತಾಲೂಕಿನ ಮದುವೆಗಳೆಲ್ಲ ಆ ಕಟ್ಟೆಯ ಮೇಲೆ, ಒಂದು ತಟ್ಟೆ ಮಂಡಕ್ಕಿಯ ಎರಡೂ ಬದಿ ಕೂತು ನಿಶ್ಚಯವಾದವು.

ಮಾವನ ಎಡಗಡೆ ಇಡೀ ಜೀವಮಾನ ಎಂಜಿನ್ನು ಗರ್ಜಿಸಿತ್ತು, ಬಲಗಡೆ ದಾರಿಯುದ್ದದ ಹಾರನ್ನು. ಎರಡೂ ಸೇರಿ ಕಿವಿಗಳನ್ನು ತಿಂದು ಹಾಕಿದವು. ನಿವೃತ್ತಿಯ ಹೊತ್ತಿಗೆ ಸ್ವಲ್ಪ ಮಂದ, ಈಚೆಗೆ ಪೂರ್ತಿ ಬಂದ್! ಹೊನ್ನಾಳಿಯಲ್ಲಿರುವ ಮಗಳು, ಅಳಿಯ ಸೇರಿ ಕಿವಿಗೆ ಒಂದು ಮಿಷನ್ ಕೊಡಿಸಿದರು. ಮಾವ ಅದನ್ನು ಒಂದು ಬೆಳಗ್ಗೆ ಹಾಕಿಕೊಂಡರು. ಮಧ್ಯಾಹ್ನಕ್ಕೆ ಕಿತ್ತು ಡಬ್ಬಿಗೆ ಹಾಕಿ, "ಮಿಕ್ಸಿ, ಕುಕ್ಕರು, ಪಕ್ಕದ ಮನೆ ಟಿವಿ, ಎಲ್ಲಾ ಒಟ್ಟಿಗೆ ತಲೆ ಒಳಗೇ ನುಗ್ಗಿದಂಗೆ ಆಗ್ತೈತೆ. ಈಗ ನೆಮ್ಮದಿ ಐತೆ, ಬಿಡ್ರಿ ಅತ್ಲಾಗೆ" ಎಂದರು. ಅತ್ತೆ ಆ ಡಬ್ಬಿಯನ್ನು ದೇವರ ಗೂಡಿನಲ್ಲಿಟ್ಟಳು. ಶುಕ್ರವಾರ ದೇವರಿಗೆಲ್ಲ ಕುಂಕುಮ ಇಟ್ಟು ಮಿಷನ್ ಡಬ್ಬಿಗೂ ಒಂದು ಬೊಟ್ಟು. ಹೊಸ ಬಸ್ಸಿಗೆ ಪೂಜೆ ಮಾಡಿ ಶೆಡ್ಡಿನಲ್ಲೇ ನಿಲ್ಲಿಸಿಕೊಂಡ ಹಾಗೆ!

ನಾವೆಲ್ಲ ನಗುತ್ತಿದ್ದೆವು. ಆದರೆ ಅತ್ತೆಯ ಪಾಲಿಗೆ ಅದು ನಗುವ ವಿಷಯವಾಗಿರಲಿಲ್ಲ. ಚಹಾ ಬರುತ್ತಿತ್ತು, ಮಂಡಕ್ಕಿ ಬರುತ್ತಿತ್ತು, ಮಾತು ಮಾತ್ರ ಬರುತ್ತಿರಲಿಲ್ಲ. ಅವಳು ಏನು ಹೇಳಿದರೂ ಮಾವ "ಹೂಂ" ಅನ್ನುವರು. ಮಳೆ ಬಂತು ಎಂದರೂ ಹೂಂ, ಹಾಲು ಒಡೆಯಿತು ಎಂದರೂ ಹೂಂ. ಒಂದು ದಿನ ಪರೀಕ್ಷೆ ಮಾಡಲೆಂದು, "ನಾನು ಯಾರ ಜೊತೀಗಾದ್ರೂ ಓಡಿ ಹೋಗ್ಲೇನ್ರೀ?" ಎಂದು ಕೇಳಿದಳಂತೆ. "ಹೂಂ, ಹುಷಾರು" ಎಂದರಂತೆ ಮಾವ!

ಅದನ್ನು ಹೇಳಿ ನಮ್ಮ ಜೊತೆ ನಕ್ಕವಳು ಆಮೇಲೆ ಸೆರಗಿನ ತುದಿ ತಿರುವುತ್ತಾ, "ನಾಲ್ಕು ತಾಲೂಕಿಗೆ ಮಾತಾಡೋಳು ನಾನು. ಮನೇಲಿ ಒಂದು ಕಿವಿ ಸಿಗಾಕಿಲ್ಲ ಅಂದ್ರೆ ಹೆಂಗೆ ಬದುಕೋದು, ನೀನೇ ಹೇಳು" ಎಂದಿದ್ದಳು. ಏನು ಹೇಳಲಿ ನಾನು? ಮಾವನಿಗೆ ಬುದ್ಧಿ ಹೇಳೋಣವೆಂದರೆ ಅವರಿಗೆ ಕೇಳಿಸಬೇಕಲ್ಲ!

ಇಂಥ ಹೊತ್ತಿನಲ್ಲಿ ಜಪಾನಿನ ಗಂಡು ನಮ್ಮ ಬೀದಿಗೆ ಬಂದ. ಕರೆತಂದವಳು ನನ್ನ ಮಗಳು ಪುಟ್ಟಿ. ದಾವಣಗೆರೆಯಲ್ಲಿ ಓದುವ ಇವಳಿಗೆ ಮಾಂಗಾ ಎಂಬ ಹುಚ್ಚು. ಮಾಂಗಾ ಎಂದರೆ ಜಪಾನಿನವರ ಚಿತ್ರಕಥೆ ಪುಸ್ತಕ, ಇಂಗ್ಲಿಷಿಗೆ ಮಾಡಿದ್ದು ಇವಳಿಗೆ ಸಿಗುತ್ತದೆ. ಓದಿ ಸುಮ್ಮನಿರುವುದಿಲ್ಲ, ಮೊಬೈಲ್ ಎದುರು ಕೂತು ಅದರ ಗುಣದೋಷ ಮಾತಾಡಿ ನಾಲ್ಕು ಜನ ನೋಡುವಂತೆ ಹಾಕುತ್ತಾಳೆ. ಆ ಸಲ ರಜೆಗೆ ಬಂದಾಗ ಒಂದು ನಗೆ ಪ್ರೇಮಕಥೆಯ ನಾಲ್ಕನೇ ಸಂಪುಟ ಅವಳ ಚೀಲದಲ್ಲಿತ್ತು. ಒಂದೇ ಆಫೀಸಿನಲ್ಲಿ ಕೆಲಸ ಮಾಡುವ ಹುಡುಗ, ಹುಡುಗಿ. ಇವನಿಗೆ ಅವಳ ಮೇಲೆ ಮನಸ್ಸು, ಅವಳಿಗೂ ಇವನ ಮೇಲೆ ಮನಸ್ಸು, ಇಬ್ಬರೂ ಬಾಯಿ ಬಿಡುವುದಿಲ್ಲ. ಬಾಯಿ ಬಿಡದೆಯೇ ಮೂರು ಸಂಪುಟ ಕಳೆದಿವೆ! ನಾಲ್ಕನೆಯದರಲ್ಲಿ ಇನ್ನೇನಾಗುತ್ತದೋ ಎನ್ನುತ್ತಾ ಪುಟ್ಟಿ ಅತ್ತೆಯ ಮನೆ ಕಟ್ಟೆಯ ಮೇಲೆ ಪುಸ್ತಕ ಇಟ್ಟು ಸ್ನಾನಕ್ಕೆ ಹೋದಳು.

ತಿರುಗಿ ಬಂದಾಗ ಅತ್ತೆ ಸಾವಿನ ಮನೆಗೆ ಹೋಗಿ ಬಂದವಳಂತೆ ಕೂತಿದ್ದಳು.

"ಪುಟ್ಟೀ, ಈ ಸಂಬಂಧ ಬ್ಯಾಡ ಕಣೇ."

"ಯಾವ ಸಂಬಂಧ ಅಜ್ಜಿ?"

"ಇದೇ. ಮೊದ್ಲ ಪುಟದಾಗೇ ಹುಡ್ಗಿ ಅವನಿಗೆ ಏನೋ ಅಂದ್ಳು, ಹುಡ್ಗ ಎಚ್ಚರ ತಪ್ಪಿ ಬಿದ್ದ. ಹೋಗ್ಲಿ, ಆಮೇಲೆ ಇಬ್ರೂ ಒಂದೇ ಛತ್ರಿಯಾಗೆ ನಡೆದ್ರು. ಚೆನ್ನಾಗೇ ಇತ್ತು. ಅಲ್ಲಿಂದ ನೋಡು, ಬರ್‍ತಾ ಬರ್‍ತಾ ದೂರ. ಒಂದು ಕಡೆ ಮುಖ ತಿರುಗಿಸ್ಕೊಂಡ್ರು. ಕೊನೇಗೆ ಇಬ್ರೂ ಬೇರೆ ಬೇರೆ ಮೇಜಿನಾಗೆ ಕುಂತು ಗುರುತು ಪರಿಚಯ ಇಲ್ದೋರಂಗೆ ಕೆಲ್ಸ ಮಾಡ್ತಾವೆ. ಅಯ್ಯೋ, ಯಾರ ಕಣ್ಣು ಬಿತ್ತೋ!"

ಪುಟ್ಟಿ ನೆಲದ ಮೇಲೆ ಬಿದ್ದು ಹೊರಳಾಡಿ ನಕ್ಕಳು. ಜಪಾನಿನ ಪುಸ್ತಕ ಬಲದಿಂದ ಎಡಕ್ಕೆ ಓದುವಂಥದ್ದು. ನಮ್ಮ ಪುಸ್ತಕ ಮುಗಿಯುವ ಕಡೆ ಅದು ಶುರುವಾಗುತ್ತದೆ. ಅತ್ತೆ ಕನ್ನಡ ಪುಸ್ತಕ ತೆರೆದ ಹಾಗೆ ತೆರೆದು, ಕೊನೆಯಿಂದ ಮೊದಲಿಗೆ ಚಿತ್ರ ನೋಡುತ್ತಾ ಒಂದು ಪ್ರೇಮವನ್ನು ಪೂರ್ತಿ ಬಿಚ್ಚಿ ಹಾಕಿದ್ದಳು!

"ಅಜ್ಜೀ, ಉಲ್ಟಾ ನೋಡಿದೀಯ!"

ಅತ್ತೆ ಸೋಲುವ ಪೈಕಿಯೇ? "ಉಲ್ಟಾ ನೋಡಿದ್ರೂ ಕಥೆ ಸರಿಗೇ ಐತಲ್ಲೇ! ಎಷ್ಟು ಮನೇಲಿ ಹಿಂಗೇ ಆಗೋದು ನಾನು ನೋಡಿಲ್ವಾ?" ಎಂದಳು. ಎಂದವಳು ಕಟ್ಟೆಯ ಆ ತುದಿಗೆ ಕಣ್ಣು ಹಾಯಿಸಿದಳು. ಅಲ್ಲಿ ಮಾವ ಕುರ್ಚಿಯಲ್ಲಿ ಕೂತು ಬೀದಿ ನೋಡುತ್ತಾ, ಯಾರೂ ಏನೂ ಕೇಳದಿದ್ದರೂ "ಹೂಂ" ಎಂದರು.

ಮರುದಿನದಿಂದ ಪುಟ್ಟಿಯ ತಲೆಯಲ್ಲಿ ಒಂದು ಹುಳ. ಈ ಸಂಪುಟದ ವಿಮರ್ಶೆ ತಾನಲ್ಲ, ಅಜ್ಜಿ ಮಾಡಬೇಕು! ಬಲದಿಂದ ಎಡಕ್ಕೆ ಪುಟ ತಿರುವಿ ಒಂದೊಂದು ಮಾತನ್ನೂ ಕನ್ನಡದಲ್ಲಿ ಹೇಳಿದಳು. ಅತ್ತೆ ಕಟ್ಟೆಯ ಮೇಲೆ ಕಾಲು ಮಡಚಿ, ತಲೆಗೆ ಎಣ್ಣೆ ಹಚ್ಚಿಕೊಂಡು, ಮೊಬೈಲ್ ಎದುರು ಕೂತಳು. ನಮ್ಮ ವಿಮರ್ಶಕರು ಕೃತಿಯ ಒಳಹೊಕ್ಕು ನೋಡುತ್ತೇವೆ ಎನ್ನುತ್ತಾರೆ. ಒಳಹೊಕ್ಕು ಅಡುಗೆಮನೆಯ ಡಬ್ಬಿಗಳನ್ನು ತೆಗೆದು ನೋಡಿದವಳು ನಮ್ಮತ್ತೆ ಒಬ್ಬಳೇ!

ಜಪಾನಿನ ಹೆಸರುಗಳು ನಾಲಿಗೆಗೆ ಹೊರಳಲಿಲ್ಲ. ಹುಡುಗನ ಕೂದಲು ಎದ್ದು ನಿಂತಿದ್ದರಿಂದ ಅವನು "ಪೊರಕೆ" ಆದ. ಹುಡುಗಿಯ ಕಣ್ಣು ಮುಖದ ಅರ್ಧ ಇದ್ದುದರಿಂದ ಅವಳು "ಬಟ್ಲುಗಣ್ಣಿ". ಪೊರಕೆ ತನ್ನ ಬಾಡಿಗೆ ಮನೆಗೆ ಬಂದು ಬಾಗಿಲಲ್ಲಿ ಬೂಟು ಬಿಚ್ಚಿ, ಬಗ್ಗಿ, ಎರಡನ್ನೂ ಜೋಡಿಸಿ ಹೊರಮುಖ ಮಾಡಿ ಇಡುವ ಒಂದು ಚಿತ್ರ ಬಂತು. ಅತ್ತೆ ಚಪ್ಪಾಳೆ ತಟ್ಟಿದಳು. "ನೋಡ್ದಾ? ಪಾಸು! ಇಂಥ ಗಂಡು ನಾಲ್ಕು ತಾಲೂಕಿನಾಗೆ ಹುಡುಕಿದೀನಿ ಕಣೇ ನಾನು, ಸಿಕ್ಕಿಲ್ಲ. ನಿಮ್ಮಪ್ಪಂಗೆ ಈ ಪುಟ ತೋರ್ಸು."

ಹುಡುಗಿ ನಾಚಿದಾಗ ಕೆನ್ನೆಯ ಮೇಲೆ ಅಡ್ಡ ಗೆರೆ ಎಳೆದಿರುತ್ತಾರೆ. ಅದು ಜಪಾನಿನ ನಾಚಿಕೆಯ ಗುರುತು. ಅತ್ತೆ, "ಬೆಕ್ಕು ಪರಚೈತಾ? ಅರಿಶಿಣ ಹಚ್ಚಬೇಕಿತ್ತು" ಎಂದಳು. ಹುಡುಗ ಹುಡುಗಿಯನ್ನು ಹೊಸ ಬಟ್ಟೆಯಲ್ಲಿ ಕಂಡು ಮೂಗಿನಿಂದ ರಕ್ತ ಚಿಮ್ಮಿಸಿದ. ಅದು ಅಲ್ಲಿನ ಹಾಸ್ಯ. ಅತ್ತೆ ಪುಸ್ತಕ ಮುಚ್ಚಿಸಿದಳು! "ಇದು ಪಿತ್ತ. ಮೊದ್ಲೇ ಹೇಳ್ಬೇಕಿತ್ತು ಹುಡ್ಗನ ಕಡೆಯೋರು. ಮುಚ್ಚಿಟ್ಟು ಮದ್ವೆ ಮಾಡಿದ್ರೆ ನಾಳೆ ಯಾರು ಬೈಸ್ಕೊಳ್ಳೋದು? ಕೊತ್ತಂಬರಿ ಬೀಜದ ಕಷಾಯ ಕುಡ್ಸಿ, ಒಂದು ತಿಂಗ್ಳು ನೋಡಿ ಆಮೇಲೆ ಮಾತಾಡಾನ." ಸಿಟ್ಟು ಬಂದಾಗ ಇದ್ದಕ್ಕಿದ್ದಂತೆ ಅವರಿಬ್ಬರನ್ನೂ ಕುಳ್ಳಗೆ, ಗುಂಡಗೆ, ಕೂಸುಗಳಂತೆ ಬರೆದಿದ್ದರು. ಅದಕ್ಕೆ ಮಾತ್ರ ಅವಳು ಆಕ್ಷೇಪ ಎತ್ತಲಿಲ್ಲ. "ಜಗಳದಾಗೆ ಎಲ್ರೂ ಇಷ್ಟೇ ಆಗ್ತಾರೆ. ಸರೀಗೆ ಬರ್‍ದಾನೆ" ಎಂದಳು.

ಬಟ್ಟಲುಗಣ್ಣಿ ಬೆಳಗ್ಗೆ ಎದ್ದು ಬುತ್ತಿ ಕಟ್ಟಿ ತಂದು, "ಹೆಚ್ಚಾಗಿತ್ತು, ಅದಕ್ಕೆ ತಂದೆ" ಎಂದು ಸುಳ್ಳು ಹೇಳಿ ಪೊರಕೆಗೆ ಕೊಡುವ ಒಂದು ಅಧ್ಯಾಯವಿದೆ. ಅವನು ಇದು ಪ್ರೀತಿಯೋ ನಿಜವಾಗಿಯೂ ಮಿಕ್ಕಿದ್ದೋ ಎಂದು ಪುಟಗಟ್ಟಲೆ ಯೋಚಿಸುತ್ತಾನೆ. ಅತ್ತೆ ತಲೆ ಚಚ್ಚಿಕೊಂಡಳು. "ಬುತ್ತಿ ಕಟ್ಟಿ ಕೊಟ್ಟ ಮ್ಯಾಲೆ ಇನ್ನೇನು ಹೇಳಾಕೆ ಉಳ್ದೈತೋ ಪೊರಕೇ? ಊಟ ಮಾಡೋ ಮೊದ್ಲು!"

ಕೊನೆಗೆ ದೋಷಗಳು. "ನಾಲ್ಕು ಪುಸ್ತಕ ಆಯ್ತು, ಹುಡ್ಗನ ಅವ್ವನ್ನ ತೋರ್ಸಿಲ್ಲ. ಹಿತ್ತಲು ತೋರ್ಸಿಲ್ಲ. ನೀರು ಎಷ್ಟು ದಿನಕ್ಕೊಮ್ಮೆ ಬರ್‍ತೈತೆ ಅಂತ ಹೇಳಿಲ್ಲ. ಬರೀ ಕಣ್ಣು ಬಿಡಿಸಿದ್ರೆ ಆಯ್ತಾ? ಬರೆದೋನಿಗೆ ಮದ್ವೆ ಆಗಿಲ್ಲ ಅಂತ ಕಾಣ್ತೈತೆ, ನಮ್ಮ ಕಡೆ ಒಂದು ಹೆಣ್ಣು ನೋಡಾನ!"

ಇಷ್ಟರಲ್ಲಿ ಪುಟ್ಟಿ ಒಂದು ತಪ್ಪು ಮಾತಾಡಿದಳು. "ಆದ್ರೂ ಅಜ್ಜಿ, ನನ್ನ ಫ್ರೆಂಡ್ಸ್ ಈ ಸಂಪುಟ ಬೋರು ಅಂತಾರೆ. ಇಡೀ ಪುಸ್ತಕದಲ್ಲಿ ಆಗೋದು ಒಂದೇ. ಅಲ್ಲಿ ಎಲ್ಲರನ್ನೂ ಮನೆತನದ ಹೆಸರಿಂದ ಕರೀತಾರೆ. ಇವಳು ಅವನ ಸ್ವಂತ ಹೆಸರು ಹಿಡಿದು ಕರೀಬೇಕು ಅಂತ ಶುರುವಿಂದ ಒದ್ದಾಡಿ, ಕೊನೇ ಪುಟದಲ್ಲಿ ಕರೀತಾಳೆ. ಅವನು ಮೂರ್ಛೆ ಹೋಗ್ತಾನೆ. ಒಂದು ಹೆಸರಿಗೆ ಇಷ್ಟು ಎಳೆಯೋದಾ?"

ಅತ್ತೆ ಈ ಸಲ ನಗಲಿಲ್ಲ. "ಒಂದು ಹೆಸ್ರಾ? ಯಾರೇ ಹೇಳಿದ್ದು ಒಂದು ಹೆಸ್ರು ಅಂತ? ಅವರಿಗೆ ಏನು ಗೊತ್ತೈತೆ! ಪಾಪ ಹುಡ್ಗಿ, ಬಾಯಿಗೆ ಬಂದು ಬಂದು ಎಷ್ಟು ಸಲ ಒಳಗೆ ಹೋಗಿರಬೇಕು ಅದು."

ಇದನ್ನು ಹೇಳುವ ಅಧಿಕಾರ ಅವಳಿಗಿದೆ. ಅತ್ತೆ ಆವತ್ತಿನವರೆಗೆ ಮಾವನ ಹೆಸರು ಬಾಯಲ್ಲಿ ಹೇಳಿದವಳಲ್ಲ. ಗಂಡನ ಹೆಸರು ಹೇಳಬಾರದೆಂಬ ನಿಯಮವನ್ನು ಆ ಕಾಲದ ಹೆಂಗಸರು ಪಾಲಿಸುತ್ತಿದ್ದರು, ನಿಜ. ಆದರೆ ಅವರಿಗೂ ವಿನಾಯಿತಿ ಇತ್ತಲ್ಲ? ಮದುವೆಯಾಗಿ ಗಂಡನ ಮನೆ ಹೊಸ್ತಿಲು ದಾಟುವಾಗ ನಾದಿನಿಯರು ಬಾಗಿಲಿಗೆ ಅಡ್ಡ ನಿಲ್ಲುತ್ತಾರೆ. ಒಡಪು ಕಟ್ಟಿ ಅದರಲ್ಲಿ ಗಂಡನ ಹೆಸರು ಸೇರಿಸಿ ಹೇಳಿದರೆ ಮಾತ್ರ ಒಳಗೆ ದಾರಿ. ಅತ್ತೆಗೂ ಅಡ್ಡ ನಿಂತರು. ಇವಳು ಬಾಯಿ ತೆರೆದಳು, ಮುಚ್ಚಿದಳು. ಮುಖ ಕೆಂಪಾಯಿತು, ಬೆವರು ಬಂತು, ಹೆಸರು ಬರಲಿಲ್ಲ. ಒಳಗೆ ಬಡಿಸಿದ ಅನ್ನ ಆರಿತು. ಹಸಿದ ಬೀಗರು ಗೊಣಗತೊಡಗಿದರು. ಕೊನೆಗೆ ಇವಳು ಸೆರಗು ಸೊಂಟಕ್ಕೆ ಸಿಕ್ಕಿಸಿ, ಮನೆಯನ್ನು ಸುತ್ತು ಹಾಕಿ, ದನದ ಕೊಟ್ಟಿಗೆ ದಾಟಿ, ಹಿತ್ತಲ ಬಾಗಿಲಿನಿಂದ ಒಳಗೆ ಬಂದು ಪಂಕ್ತಿಯಲ್ಲಿ ಕೂತುಬಿಟ್ಟಳು! ಹಿತ್ತಲಿಂದ ಮನೆ ತುಂಬಿದ ಸೊಸೆ ಇವಳೊಬ್ಬಳೇ ಇರಬೇಕು. ಮಾವ ಮಾತ್ರ ಮುಂಬಾಗಿಲಲ್ಲೇ ನಿಂತಿದ್ದರಂತೆ, ಅವಳು ಈಗ ಹೇಳಿಯಾಳು ಎಂದು ಕಾಯುತ್ತಾ.

ಆಮೇಲೂ ಅಷ್ಟೇ. ಯಾರಾದರೂ ಬಂದು ಯಜಮಾನರ ಹೆಸರು ಕೇಳಿದರೆ ಪಕ್ಕದ ಮನೆ ಗೌರಮ್ಮನನ್ನು ಕೂಗಿ, "ಬಂದು ನಮ್ಮನೇರ ಹೆಸ್ರು ಹೇಳಿ ಹೋಗೇ" ಎನ್ನುವಳು. ಗೌರಮ್ಮ ಮಗಳ ಬಾಣಂತನಕ್ಕೆ ಹೋಗಿದ್ದರೆ ಬಂದವರು ಬೇರೆ ದಿನ ಬರಬೇಕು! ಮಾವನನ್ನು ಅವಳು ಕರೆಯುವುದು "ರೀ" ಎಂದು. ಸಂತೆಯಲ್ಲಿ ಒಮ್ಮೆ "ರೀ" ಎಂದಳೆಂದರೆ ಮಾವನೊಬ್ಬರನ್ನು ಬಿಟ್ಟು ಸಂತೆಯ ಗಂಡಸರೆಲ್ಲ ತಿರುಗಿ ನೋಡುತ್ತಾರೆ.

ನಾವು ಮೂವರೂ ಹೀಗೆ ಮಾತಾಡುತ್ತಿರುವಾಗ ಕಟ್ಟೆಯ ಆ ತುದಿಯಿಂದ ಏನೋ ಸದ್ದು ಬಂತು. ನೋಡಿದರೆ ಮಾವ ನಗುತ್ತಿದ್ದಾರೆ! ಹೊಟ್ಟೆ ಕುಣಿಯುತ್ತಿದೆ, ಕಣ್ಣಲ್ಲಿ ನೀರು. ಮಾತಿನ ಭರದಲ್ಲಿ ಪುಟ್ಟಿ ಪಕ್ಕಕ್ಕಿಟ್ಟಿದ್ದ ಪುಸ್ತಕ ಅವರ ಕೈ ಸೇರಿತ್ತು. ಅವರೂ ಮೊದಲು ನಮ್ಮ ಪುಸ್ತಕ ತೆರೆಯುವ ಕಡೆಯಿಂದಲೇ ತೆರೆದರಂತೆ. ಆ ಬದಿಯ ಮೊದಲ ಪುಟದಲ್ಲಿ, ದಾರಿ ತಪ್ಪಿದವರಿಗಾಗಿ ದಪ್ಪ ಇಂಗ್ಲಿಷ್ ಅಕ್ಷರದಲ್ಲಿ ಸ್ಟಾಪ್ ಎಂದು ಬರೆದು ಬಾಣದ ಗುರುತು ಹಾಕಿರುತ್ತಾರೆ. ಅತ್ತೆ ಅದನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಮಾವ ಡ್ರೈವರಲ್ಲವೇ! ಇಂಗ್ಲಿಷ್ ಬಾರದಿದ್ದರೇನು, ಆ ಒಂದು ಬೋರ್ಡು ಅವರಿಗೆ ಗೊತ್ತು. ಬ್ರೇಕ್ ಹಾಕಿ, ಬಾಣ ತೋರಿಸಿದ ಕಡೆಗೆ ಪುಸ್ತಕ ತಿರುಗಿಸಿ, ಸರಿಯಾದ ದಾರಿಯಲ್ಲಿ ಕೊನೆಯವರೆಗೂ ಹೋಗಿಬಂದಿದ್ದರು. ಚಿತ್ರಕ್ಕೆ ಕಿವಿ ಯಾಕೆ ಬೇಕು?

ಅತ್ತೆ ಅವರನ್ನೇ ನೋಡುತ್ತಿದ್ದಳು. ಆ ಮನೆಯಲ್ಲಿ ಆ ನಗು ಕೇಳಿ ಎಷ್ಟು ಕಾಲವಾಗಿತ್ತೋ!

"ಇಲ್ನೋಡು," ಎಂದರು ಮಾವ, ಬೀದಿಗೆಲ್ಲ ಕೇಳುವಂತೆ. ತಮ್ಮ ದನಿ ಎಷ್ಟು ಜೋರಿದೆಯೆಂದು ಅವರಿಗೆ ತಿಳಿಯುವುದಿಲ್ಲ. "ಈ ಹುಡ್ಗ ಕೊನೇಗೆ ದಬಕ್ಕಂತ ಬೀಳ್ತಾನಲ್ಲ, ಹುಡ್ಗಿ ಏನಂದ್ಳು ಅವನಿಗೆ?"

"ಹೆಸ್ರು ಹಿಡಿದು ಕರೆದ್ಳು!" ಅತ್ತೆ ಕೂಗಿದಳು.

"ಆಂ?"

"ಹೆಸ್ರು! ಹೆಸ್ರು ರೀ!"

ಗೌರಮ್ಮ ಬಾಗಿಲಿಗೆ ಬಂದು, "ಯಾರದ್ದು ಹೆಸ್ರು ಹೇಳ್ಬೇಕೇ?" ಎಂದು ಕೇಳಿದಳು. ಎದುರು ಮನೆಯ ನಾಯಿ ಬೊಗಳಿತು. ಮಾವ ಕೈಯಾಡಿಸಿ, ಪುಸ್ತಕ ಕುರ್ಚಿಯ ಮೇಲಿಟ್ಟು, ಎದ್ದು ಒಳಗೆ ಹೋದರು. ಅತ್ತೆಯ ಮುಖ ಸಪ್ಪೆಯಾಯಿತು. "ಅಷ್ಟೇ ನೋಡು," ಎಂದಳು ನನ್ನ ಕಡೆ ತಿರುಗಿ, "ಎರಡು ಸಲ ಕೇಳಿಸ್ಲಿಲ್ಲ ಅಂದ್ರೆ ಎದ್ದು ಹೋಗ್ತಾರೆ. ಅವ್ರಿಗೂ ಸಾಕಾಗೈತೆ, ನಂಗೂ ಸಾಕಾಗೈತೆ."

ಒಳಗಿನಿಂದ ಕುಂಯ್ ಎಂದು ಒಂದು ಶಿಳ್ಳೆ ಬಂತು. ಮಾವ ಹೊರಗೆ ಬಂದರು. ಶಿಳ್ಳೆ ಹೊಡೆಯುತ್ತಿದ್ದ ಮಿಷನ್ನನ್ನು ಕಿವಿಗೆ ಸಿಕ್ಕಿಸಿಕೊಳ್ಳುತ್ತಿದ್ದರು, ದಪ್ಪ ಬೆರಳುಗಳಿಗೆ ಅದು ಒಗ್ಗುತ್ತಿರಲಿಲ್ಲ. ಪುಟ್ಟಿ ಎದ್ದು ಸರಿಮಾಡಿ ಕೊಟ್ಟಳು. ಮಾವ ಕುರ್ಚಿ ಬಿಟ್ಟು ಕಟ್ಟೆಯ ಮೇಲೆ, ಅತ್ತೆಯ ಎದುರು ಬಂದು ಕೂತರು.

"ಈಗ ಹೇಳು," ಎಂದರು. "ಕೂಗ್ಬ್ಯಾಡ. ಏನಂತ ಕರೆದ್ಳು?"

ಜಪಾನಿನ ಹುಡುಗನ ಹೆಸರನ್ನು ಪುಟ್ಟಿ ಆಗಲೇ ಹತ್ತಾರು ಸಲ ಹೇಳಿಕೊಟ್ಟಿದ್ದಳು. ಅತ್ತೆ ಬಾಯಿ ತೆರೆದಳು, ಮುಚ್ಚಿದಳು. ನಾಲ್ಕು ತಾಲೂಕಿಗೆ ಮಾತಾಡುವವಳು ಸೆರಗಿನಿಂದ ಒಮ್ಮೆ ಮುಖ ಒರೆಸಿಕೊಂಡಳು. ಪುಟ್ಟಿಗೆ ಏನನ್ನಿಸಿತೋ, ಮೊಬೈಲನ್ನು ಮಗುಚಿ ಇಟ್ಟಳು.

ಅತ್ತೆ ಹೇಳಿದಳು. ಮೆಲ್ಲಗೆ, ಒಂದೇ ಸಲ. ಜಪಾನಿನ ಹುಡುಗನ ಹೆಸರಲ್ಲ.

ಮಾವ ಎಚ್ಚರ ತಪ್ಪಿ ಬೀಳಲಿಲ್ಲ. ಮಿಷನ್ನಿಗೆ ಒಂದು ಬೆರಳು ಒತ್ತಿ, ಕಟ್ಟೆ ದಾಟದಷ್ಟು ಸಣ್ಣ ದನಿಯಲ್ಲಿ ಅಂದರು:

"ಸರೀಗೆ ಕೇಳಿಸ್ಲಿಲ್ಲ. ಇನ್ನೊಂದ್ ಸಲ ಅನ್ನು."